ಮದ್ದೂರಿನಲ್ಲಿ ಇಳಿಯದೆ ಹೋಗುವ ಹೊರದೇಶದವರು

ಮಂಡ್ಯ, ಮದ್ದೂರು ಕಡೆಯ ಮನೆಗಳಲ್ಲಿ ಈಚೀಚೆಗೆ ಹೊಸ ದೂರೊಂದು ಹುಟ್ಟಿಕೊಂಡಿದೆ. ಮಗನನ್ನು ಎಂ.ಎಸ್. ಓದಲೆಂದು ಜರ್ಮನಿಗೆ ಕಳಿಸಿದ್ದಾಗಿದೆ, ಜಮೀನಿನ ಮೇಲೆ ಸಾಲ ಎತ್ತಿದ್ದಾಗಿದೆ. ಆ ಮಗ ನೋಡಿದರೆ ಶನಿವಾರ ಒಂದು ಊರಿನಿಂದ, ಭಾನುವಾರ ಇನ್ನೊಂದು ಊರಿನಿಂದ ಸ್ಟೇಟಸ್‌ಗೆ ಫೋಟೊ ಹಾಕುತ್ತಾನೆ. ಒಮ್ಮೆ ಕೋಟೆ, ಒಮ್ಮೆ ಕೆರೆ, ಒಮ್ಮೆ ಹಿಮ. 'ಓದ್ಲಿ ಅಂತ ಕಳ್ಸುದ್ರೆ ಊರೂರು ಸುತ್ಕಂಡವ್ನೆ ನೋಡಿ' ಎಂದು ಅಪ್ಪ ಪಕ್ಕದ ಮನೆಯವರ ಮುಂದೆ ಹೇಳುವಾಗ ಆ ಮಾತಿನಲ್ಲಿ ಸಿಟ್ಟು ಅರ್ಧ, ಹೆಮ್ಮೆ ಅರ್ಧ. ಅಮ್ಮನ ಚಿಂತೆ ಬೇರೆ: ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ?

ಈ ಅಪ್ಪ ಅಮ್ಮಂದಿರಿಗೆ ಮೊದಲು ಲೆಕ್ಕ ಹೇಳಿಬಿಡೋಣ. ಜರ್ಮನಿಯಲ್ಲಿ 2023ರ ಮೇ ತಿಂಗಳಿನಿಂದ 'ಡಾಯ್ಚ್‌ಲಾಂಡ್ ಟಿಕೆಟ್' ಎಂಬ ತಿಂಗಳ ಪಾಸು ಜಾರಿಯಲ್ಲಿದೆ. ಶುರುವಿನಲ್ಲಿ 49 ಯೂರೊ ಇತ್ತು, 2025ರಲ್ಲಿ 58 ಆಯಿತು, ಆಮೇಲೆ ಇನ್ನೂ ಏರಿತು. ಅದೊಂದು ಕೈಯಲ್ಲಿದ್ದರೆ ದೇಶದ ಯಾವ ಊರಿನ ಸಿಟಿ ಬಸ್ಸು, ಟ್ರ್ಯಾಮು, ಮೆಟ್ರೊ, ಊರಿಂದೂರಿಗೆ ಓಡುವ ಸಾಮಾನ್ಯ ರೈಲು ಎಲ್ಲವನ್ನೂ ಹತ್ತಬಹುದು. ವೇಗದ ದೂರದ ರೈಲು ಮಾತ್ರ ಹತ್ತುವಂತಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಓದುವ ನಮ್ಮ ಹುಡುಗ ಕಾಲೇಜಿಗೆ ಹೋಗಿಬರಲು ಹೇಗೂ ಒಂದು ಪಾಸು ತೆಗೆಸಲೇಬೇಕು. ಅದೇ ಪಾಸಿನಲ್ಲಿ ಭಾನುವಾರ ಉಲ್ಮ್, ಟ್ಯೂಬಿಂಗನ್, ಕೋನ್‌ಸ್ಟಾಂಟ್ಸ್ ಊರುಗಳಿಗೆ ಹೋಗಿಬಂದರೆ ಕೈಯಿಂದ ಹೆಚ್ಚುವರಿ ಒಂದು ಕಾಸೂ ಬಿಚ್ಚಬೇಕಿಲ್ಲ. ಕೋನ್‌ಸ್ಟಾಂಟ್ಸ್‌ನಲ್ಲಿ ಇಳಿದು ನಡೆದರೆ ಪಕ್ಕದ ಬೀದಿಯೇ ಸ್ವಿಟ್ಜರ್ಲೆಂಡ್. ಷೆಂಗೆನ್ ಒಪ್ಪಂದದ ದೇಶಗಳಲ್ಲಿ ಒಂದರ ವಾಸದ ಪರವಾನಗಿ ಇದ್ದವರು ಉಳಿದ ದೇಶಗಳಲ್ಲಿ 180 ದಿನಗಳಲ್ಲಿ 90 ದಿನದವರೆಗೆ ಬೇರೆ ವೀಸಾ ಇಲ್ಲದೆ ಓಡಾಡಬಹುದು. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೋದರೆ ಊಟದ ಖರ್ಚೂ ಇಲ್ಲ. ಹೋಗದಿದ್ದರೆ ಏನು ಮಾಡಿಯಾನು? ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕೋಣೆ ಎಂದರೆ ಮಂಚ, ಮೇಜು, ಒಂದು ಕಿಟಕಿ. ವಿದ್ಯಾರ್ಥಿಗಳು ವರ್ಷಕ್ಕೆ ಇಷ್ಟೇ ದಿನ ದುಡಿಯಬಹುದು ಎಂಬ ಮಿತಿ ಇದೆ. 2024ರಿಂದ ಅದು 140 ಪೂರ್ಣ ದಿನ. ಆದ್ದರಿಂದ ವಾರವಿಡೀ ಹೋಟೆಲಿನಲ್ಲಿ ತಟ್ಟೆ ತೊಳೆದು ದುಡ್ಡು ಕೂಡಿಡುತ್ತೇನೆಂದರೂ ಕಾನೂನು ಬಿಡುವುದಿಲ್ಲ. ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವ ಊರಿನಲ್ಲಿ, ಭಾಷೆ ಬಾರದೆ, ಕೋಣೆಯಲ್ಲೇ ಕುಳಿತವರು ಎಷ್ಟು ಕುಗ್ಗುತ್ತಾರೆಂಬುದು ಹೋದವರಿಗೇ ಗೊತ್ತು. ಸುತ್ತುವ ಮಗನ ಬಗ್ಗೆ ಚಿಂತೆ ಬೇಡ. ಕೋಣೆ ಬಿಟ್ಟು ಕದಲದ ಮಗನಿಗೆ ಒಂದು ಫೋನು ಜಾಸ್ತಿ ಮಾಡಿ.

2023-24ರ ಹೊತ್ತಿಗೆ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 50 ಸಾವಿರ. ಅಲ್ಲಿನ ಹೊರದೇಶದ ವಿದ್ಯಾರ್ಥಿಗಳಲ್ಲಿ ನಮ್ಮವರದೇ ದೊಡ್ಡ ಗುಂಪು. ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದಿದವರಿಗೆ ಇದು ಈಗ ಪರಿಚಿತ ದಾರಿ. ಅವರ ವಾರಾಂತ್ಯವನ್ನು ಸಾಧ್ಯವಾಗಿಸಿರುವುದು ಯೂರೋಪಿನ ಚೆಲುವಲ್ಲ. ಒಂದು ಪಾಸು, ಹೊತ್ತಿಗೆ ಬರುವ ಗಾಡಿ, ಊರಿಗೆ ಇಳಿದ ಕೂಡಲೇ ಎತ್ತ ಹೋಗಬೇಕೆಂದು ತೋರಿಸುವ ಒಂದು ಫಲಕ, ರಾತ್ರಿ ಉಳಿಯಲು ಕಡಿಮೆ ದರದ ಒಂದು ಹಾಸಿಗೆ, ಇಷ್ಟೆ. ಚೆಲುವು ನಮ್ಮಲ್ಲೂ ಇದೆ. ಮಿಕ್ಕವು ಎಲ್ಲಿವೆ ಎಂದು ಕೇಳುವುದಕ್ಕಾಗಿಯೇ ಈ ವಾರದ ಅಂಕಣ.

ಏಕೆಂದರೆ ಬೆಂಗಳೂರಿನಲ್ಲೂ ಅಂಥದೇ ಹುಡುಗ ಹುಡುಗಿಯರಿದ್ದಾರೆ, ಊರು ಮಾತ್ರ ತಿರುಗುಮುರುಗು. ಸಾಫ್ಟ್‌ವೇರ್ ಕಂಪನಿಗೆ ಎರಡು ವರ್ಷಕ್ಕೆ ಬಂದ ಜರ್ಮನ್ನರು, ಫ್ರೆಂಚರು, ಬಿಡದಿಯ ಟೊಯೊಟಾ ಕಾರ್ಖಾನೆಗೆ ಬರುವ ಜಪಾನೀಯರು, ಕಾಲೇಜುಗಳಲ್ಲಿ ಓದುವ ಆಫ್ರಿಕಾದ ವಿದ್ಯಾರ್ಥಿಗಳು. ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಇದ್ದವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು, ಬಾಡಿಗೆ ಕರಾರು ತೋರಿಸಬೇಕು, ಬ್ಯಾಂಕ್ ಖಾತೆ ತೆರೆಯಬೇಕು. ಇಷ್ಟೆಲ್ಲ ಮುಗಿಸಿದ ಮೇಲೆ ಅವರಿಗೂ ಒಂದು ಶನಿವಾರ ಬೆಳಗಾಗುತ್ತದೆ. ಎಲ್ಲಿಗೆ ಹೋಗುತ್ತಾರೆ? ಮೈಸೂರಿಗೆ, ಕೊಡಗಿಗೆ, ರಜೆ ಉದ್ದವಿದ್ದರೆ ಹಂಪಿಗೆ, ಗೋಕರ್ಣಕ್ಕೆ. ಮೈಸೂರಿಗೆ ಹೋಗುವಾಗ ಮದ್ದೂರು, ಮಂಡ್ಯ ಎರಡನ್ನೂ ಕಿಟಕಿಯಲ್ಲಿ ದಾಟುತ್ತಾರೆ. ಮಳವಳ್ಳಿಯಂತೂ ಅವರ ಕಿಟಕಿಗೂ ಬರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಹೊರದೇಶದವರು ಮದ್ದೂರಿನಲ್ಲಿ ಇಳಿಯುತ್ತಿದ್ದರು. ಶಿವನಸಮುದ್ರದ ಜಲಪಾತ ಆಗಿನ ಇಂಗ್ಲಿಷರಿಗೆ 'ಕಾವೇರಿ ಫಾಲ್ಸ್'. ಅಲ್ಲಿನ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ 19ನೇ ಶತಮಾನದ ಮೊದಲರ್ಧದಲ್ಲೇ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿದ್ದಲ್ಲದೆ, ನೋಡಲು ಬಂದ ಯೂರೋಪಿಯನ್ನರು ಇಳಿದುಕೊಳ್ಳಲು ಒಂದು ಬಂಗಲೆಯನ್ನೂ ಕಟ್ಟಿಸಿದ್ದರು. ಸರ್ಕಾರ ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದು ಕೊಟ್ಟಿತ್ತು. ಇಂದಿನ ಪ್ರವಾಸೋದ್ಯಮದ ಭಾಷಣಗಳಲ್ಲಿ ಹೇಳುವ 'ಮೂಲಸೌಕರ್ಯ' ಅವರಿಗೆ ಆಗಲೇ ಹೊಳೆದಿತ್ತು: ದಾಟಲು ಸೇತುವೆ, ಮಲಗಲು ಸೂರು. 1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ರೈಲು ಬಂದ ಮೇಲೆ ಜಲಪಾತಕ್ಕೆ ಹತ್ತಿರದ ನಿಲ್ದಾಣ ಮದ್ದೂರೇ ಆಯಿತು.

ಅದೇ ನಿಲ್ದಾಣದಲ್ಲಿ 1900ರ ಆಚೀಚೆ ಜಲಪಾತ ನೋಡಲು ಬಂದವರಲ್ಲದ ಹೊರದೇಶದವರೂ ಇಳಿದರು. ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಡಲು ಕಾವೇರಿಯ ನೀರಿನಿಂದ ವಿದ್ಯುತ್ ತೆಗೆಯಬಹುದೆಂದು ಯೋಜನೆ ಹಾಕಿದವರು ಎ.ಸಿ. ಜಾಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರು. ಹುಟ್ಟಿದ್ದು ಕೆನಡಾದ ಕ್ವಿಬೆಕ್‌ನಲ್ಲಿ, ಕೆಲಸ ಬ್ರಿಟಿಷ್ ಸೇನೆಯ ಎಂಜಿನಿಯರ್ ದಳದಲ್ಲಿ, ಎರವಲು ಸೇವೆ ಮೈಸೂರು ಸಂಸ್ಥಾನದಲ್ಲಿ. ದಿವಾನ ಕೆ. ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಹಡಗಿನಲ್ಲಿ ಬಂದ ಈ ಭಾರಿ ಸರಂಜಾಮು ರೈಲಿನಲ್ಲಿ ಮದ್ದೂರು ಮುಟ್ಟಿ, ಅಲ್ಲಿಂದ ಮುಂದಕ್ಕೆ ಆನೆ, ಎತ್ತುಗಳ ಬಲದಲ್ಲಿ ಮಳವಳ್ಳಿ ದಾರಿ ಹಿಡಿಯಿತು. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು 147 ಕಿಲೋಮೀಟರ್ ದೂರದ ಕೆಜಿಎಫ್ ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟ್ 5ರಂದು.

ಯಂತ್ರದ ಜೊತೆ ಮನುಷ್ಯರೂ ಬಂದರು. ಎಚ್.ಪಿ. ಗಿಬ್ಸ್ ಎಂಬ ಅಮೆರಿಕದ ಎಂಜಿನಿಯರು ಯಂತ್ರ ಕೂರಿಸಲು ಬಂದು ಇಲ್ಲೇ ನಿಂತು, ಸಂಸ್ಥಾನದ ಮುಖ್ಯ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಮುಂದೆ ಟಾಟಾ ಜಲವಿದ್ಯುತ್ ಕಂಪನಿಗೆ ಹೋದರು. ಕಣಿವೆಯ ಅಂಚಿನಲ್ಲಿ ಎದ್ದ ಕ್ವಾರ್ಟರ್ಸ್‌ಗಳ ಊರಿಗೆ ಬ್ಲಫ್ ಎಂದು ಹೆಸರಾಯಿತು. ಮಳವಳ್ಳಿ ತಾಲ್ಲೂಕಿನಲ್ಲಿ ಇವತ್ತಿಗೂ ಕಂಡಕ್ಟರು 'ಬ್ಲಫ್, ಬ್ಲಫ್' ಎಂದೇ ಕೂಗುವುದು. ಸುಮಾರು 400 ಅಡಿ ಕೆಳಗೆ ವಿದ್ಯುದಾಗಾರ, ಸುತ್ತ ಮಲೇರಿಯಾಕ್ಕೆ ಹೆಸರಾದ ಕಾಡು, ಹತ್ತಿರದ ರೈಲಿಗೆ ಒಂದು ದಿನದ ಗಾಡಿ ಪ್ರಯಾಣ. ಇಂದಿನ ಎಕ್ಸ್‌ಪ್ಯಾಟ್ ಹುಡುಗರು ವೈಫೈ ನಿಧಾನ ಎಂದು ಗೊಣಗುವಾಗ ಇದನ್ನೊಮ್ಮೆ ನೆನೆಯಬಹುದು.

ಮಂಡ್ಯಕ್ಕೆ ಬಂದ ಇನ್ನೊಬ್ಬ ಕೆನಡಾದವರನ್ನು ಇಲ್ಲಿ ಬಿಡುವಂತಿಲ್ಲ. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದಾಗ ಅವರಿಗೆ ಮೂವತ್ತು. ಬೆಂಗಳೂರಿನ ಕ್ಲಬ್ಬಿನಲ್ಲಿ ಕುಳಿತಿದ್ದರೆ ಅವರ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಮಲೆನಾಡಿನ ತೋಟಗಳಿಗೆ ಮಳೆಯಲ್ಲೇ ಹೋಗಿ ಅಡಕೆಯ ಕೊಳೆರೋಗ ನೋಡಿದರು, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೊ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಮಂಡ್ಯದ ನಾಲೆ ಬಯಲಿಗೆ ಕಬ್ಬು ಬೇಕೆಂದು ಹಟ ಹಿಡಿದರು. ನಾಲಾ ಪ್ರದೇಶದ ಕೃಷಿ ಸಂಶೋಧನಾ ಕ್ಷೇತ್ರ, 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಾರ್ಖಾನೆ, ಎರಡರ ಹಿಂದೆಯೂ ಅವರಿದ್ದಾರೆ. ಮಂಡ್ಯದವರು ವಿಶ್ವೇಶ್ವರಯ್ಯನವರ ಜೊತೆಯಲ್ಲೇ ಕೋಲ್ಮನ್ ಹೆಸರನ್ನೂ ಎತ್ತುವುದು ಅದಕ್ಕೇ.

ಮೂರನೆಯ ಬಗೆಯವರು ಮೀನಿನ ಹುಚ್ಚರು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಮೂವರು ಗಾಳಗಾರರು ಕಾವೇರಿಯ ಮಹಶೀರ್ ಮೀನು ಇನ್ನೂ ಬದುಕಿದೆಯೇ ಎಂದು ಹುಡುಕಿಕೊಂಡು ಬಂದರು. ಇತ್ತು. ಆಮೇಲೆ ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಕ್ಕೆ ಲೋಕದ ಎಲ್ಲ ಕಡೆಯ ಗಾಳಗಾರರು ಬರತೊಡಗಿದರು. ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಆಟ. ಅಭಯಾರಣ್ಯದೊಳಗೆ ಈ ಆಟವೂ ಸಲ್ಲದೆಂದು ಅದು 2010ರ ಹೊತ್ತಿಗೆ ನಿಂತಿತು. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಗಾಳಗಾರರಿದ್ದಾಗ ಅವರ ಕಣ್ಣು ತಪ್ಪಿಸಿ ಡೈನಮೈಟ್ ಸಿಡಿಸಿ ಮೀನು ಹಿಡಿಯುವುದು ಕಷ್ಟವಿತ್ತು ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ.

ಹಾಗಾದರೆ ಈಗ ಏಕೆ ಇಳಿಯುವುದಿಲ್ಲ?

ಮೊದಲ ಕಾರಣ ಎಲ್ಲರ ಕಣ್ಣಿಗೂ ಕಾಣುವಂಥದು. 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳು ಮುಖ್ಯ ರಸ್ತೆಗೆ ಬರುವಂತಿಲ್ಲ. ಅಪಘಾತ ತಪ್ಪಿಸಲು ಬೇಕಾದ ನಿಯಮವೇ. ಆದರೆ ಪರಿಣಾಮ ನೋಡಿ. ಕಾರಿನಲ್ಲಿ ಹೋಗುವವರು ಮದ್ದೂರಿನ ವಡೆ ಅಂಗಡಿಯ ವಾಸನೆಯನ್ನೂ ಮೂಸದೆ ಮೈಸೂರು ಸೇರುತ್ತಾರೆ. ಬಾಡಿಗೆ ಬೈಕಿನಲ್ಲಿ ಹೊರಟ ಹೊರದೇಶದ ಹುಡುಗ ಮೊಬೈಲಿನ ನಕ್ಷೆ ನಂಬಿ ಎಕ್ಸ್‌ಪ್ರೆಸ್‌ವೇ ಏರಿ, ಪೊಲೀಸರ ಕೈಗೆ ಸಿಕ್ಕಿ, ದಂಡ ಕಟ್ಟಿ ಸರ್ವಿಸ್ ರಸ್ತೆಗೆ ಇಳಿಯುತ್ತಾನೆ. ವಂದೇ ಭಾರತ್ ರೈಲೂ ಮದ್ದೂರಿನಲ್ಲಿ ನಿಲ್ಲದು. ನಿಲ್ಲುವವು ಪ್ಯಾಸೆಂಜರ್, ಮೆಮು, ಕೆಲವು ಹಳೆಯ ಎಕ್ಸ್‌ಪ್ರೆಸ್‌ಗಳು. ನಮ್ಮ ಸ್ಟುಟ್‌ಗಾರ್ಟ್ ಹುಡುಗ ಪಾಸಿನಲ್ಲಿ ಹತ್ತುವುದೂ ಅಂಥ ನಿಧಾನದ ರೈಲುಗಳನ್ನೇ ಎಂಬುದು ನೆನಪಿರಲಿ. ಸುತ್ತಾಡುವವರಿಗೆ ಬೇಕಾದ ರೈಲು ವೇಗದ್ದಲ್ಲ, ನಿಲ್ಲುವಂಥದು.

ಮದ್ದೂರಿನಲ್ಲಿ ಇಳಿದರು ಅನ್ನಿ. ಮುಂದೆ? ಬಸ್ ನಿಲ್ದಾಣದಲ್ಲಿ ಶಿವನಸಮುದ್ರದ ಜಲಪಾತ ನೋಡಲೆಂದು 'ಗಗನಚುಕ್ಕಿ' ಎಂದು ಕೇಳಿದರೆ ಉತ್ತರ ಬರುವುದು ಹೀಗೆ: 'ಮಳವಳ್ಳಿಗೋಗಿ, ಅಲ್ಲಿ ಯಾರ್ನಾರ ಕೇಳಿ, ಯೋಳ್ತಾರೆ.' ಮಳವಳ್ಳಿಯಲ್ಲಿ ಕೇಳಿದರೆ ಕೊಳ್ಳೇಗಾಲದ ಬಸ್ಸು ತೋರಿಸುತ್ತಾರೆ. ಅದು ಕ್ರಾಸಿನಲ್ಲಿ ಇಳಿಸಿ ಹೊರಟುಹೋಗುತ್ತದೆ. ಮಿಕ್ಕ ದಾರಿಗೆ ಆಟೊ. ವಾಪಸು ಬರುವ ಬಸ್ಸು ಎಷ್ಟು ಹೊತ್ತಿಗೆ? ಆಟೊದವರಿಗೇ ಗೊತ್ತು, ಆದರೆ ಅದನ್ನು ಹೇಳಿದರೆ ಅವರ ಬಾಡಿಗೆ ಹೋಗುತ್ತದೆ. ಬಸ್ಸಿನ ಬೋರ್ಡು ಕನ್ನಡದಲ್ಲಿರುವುದು ಸರಿಯೇ, ಅದನ್ನು ಇಂಗ್ಲಿಷಿಗೆ ತಿರುಗಿಸಿ ಎಂದು ನಾನು ಕೇಳುವವನಲ್ಲ. ಬೆಂಗಳೂರಿನ ಸಿಟಿ ಬಸ್ಸಿಗೆ ಇರುವಂತೆ ಇಲ್ಲಿನ ಬಸ್ಸಿಗೂ ಒಂದು ನಂಬರು ಇದ್ದಿದ್ದರೆ ಸಾಕಿತ್ತು. ಓದು ಬಾರದ ನಮ್ಮ ಅಜ್ಜಿಯರಿಗೂ ಅದು ಉಪಕಾರವೇ.

ರಾತ್ರಿ ಉಳಿಯುವ ಮಾತು ಬಂದಾಗ ನಿಜವಾದ ತೊಡಕು. ಹೊರದೇಶದ ಪ್ರಜೆ ಯಾವುದೇ ಲಾಡ್ಜು, ಹೋಂಸ್ಟೇಯಲ್ಲಿ ಉಳಿದರೆ ಮಾಲೀಕರು 24 ಗಂಟೆಯೊಳಗೆ ಆ ವಿವರವನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಲಾಡ್ಜಿನವರ ಬಾಯಲ್ಲಿ ಇದು 'ಸಿ ಫಾರಂ'. 1946ರ ಕಾಯ್ದೆ ಹೋಗಿ 2025ರಲ್ಲಿ ಹೊಸ ಕಾಯ್ದೆ ಬಂದಿದ್ದರೂ ಈ ಹೊಣೆ ಹಾಗೇ ಇದೆ. ಕೆಲಸ ದೊಡ್ಡದಲ್ಲ. ಮಾಲೀಕರು ಒಮ್ಮೆ ಹೆಸರು ನೋಂದಾಯಿಸಿಕೊಂಡರೆ, ಆಮೇಲೆ ಪಾಸ್‌ಪೋರ್ಟು, ವೀಸಾ, ಫೋಟೊ ಏರಿಸಿದರಾಯಿತು, ಹತ್ತು ನಿಮಿಷ. ಆದರೆ ತಾಲ್ಲೂಕು ಊರಿನ ಸಣ್ಣ ಲಾಡ್ಜಿನವರು 'ಫಾರಿನರ್ಸ್ ಅಂದ್ರೆ ಪೊಲೀಸ್ ಕೇಸು, ಯಾಕ್ ಬೇಕು' ಎಂದು ರೂಮಿಲ್ಲ ಎಂದುಬಿಡುತ್ತಾರೆ. ಹಾಗೆ ಹೇಳಿಸಿಕೊಂಡವರು ಮೈಸೂರಿಗೆ ಓಡದೆ ಇನ್ನೇನು ಮಾಡಬೇಕು? ಇದರಲ್ಲಿ ಲಾಡ್ಜಿನವರ ತಪ್ಪು ಅರ್ಧ ಮಾತ್ರ. ಅವರಿಗೆ ಯಾರೂ ಕುಳ್ಳಿರಿಸಿಕೊಂಡು ಹೇಳಿಕೊಟ್ಟಿಲ್ಲ.

ಇಳಿದವರಿಗೆ ಏನು ಸಿಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ವಡೆ ಬಗ್ಗೆ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ, ಕರಿಬೇವು ಕಲಸಿ ಅಂಗೈಯಗಲ ತಟ್ಟಿ ಕರಿದದ್ದು. ರಾಮಚಂದ್ರ ಬುಧ್ಯ ಎಂಬುವರು 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಮಾರಲು ಶುರುಮಾಡಿದ್ದು ಎಂದು ಹೇಳುತ್ತಾರೆ. ಹೊರದೇಶದವರಿಗೆ ಇದು ಹಿಡಿಸುತ್ತದೆ, ಖಾರ ಕಡಿಮೆ, ಕೈಯಲ್ಲಿ ಹಿಡಿದು ನಡೆಯುತ್ತ ತಿನ್ನಬಹುದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಮಾತ್ರ ಲೋಕದಲ್ಲೇ ಅಪರೂಪದ ಊರು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಇಲ್ಲಿಗೆ ಬಂದು ಮನೆಗಳ ನಡುವಿನ ಹುಣಸೆ, ಅರಳಿ, ಅತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ, ಮರಿ ಮಾಡುತ್ತವೆ, ಮುಂಗಾರಿನ ಹೊತ್ತಿಗೆ ಹಾರಿಹೋಗುತ್ತವೆ. ಕಾಡಲ್ಲ, ಕೆರೆಯ ನಡುಗಡ್ಡೆಯಲ್ಲ, ಊರೊಳಗೆ. ಕೆಳಗೆ ಎಮ್ಮೆ ಕಟ್ಟಿದೆ, ಮೇಲೆ ಹೆಜ್ಜಾರ್ಲೆ ಮರಿ ಬಾಯಿ ತೆರೆದಿದೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಈ ಹಕ್ಕಿಗಳನ್ನು ಓಡಿಸುವುದಿಲ್ಲ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಹಕ್ಕಿ ಕೂತ ಮರದ ಹುಣಸೆ ಫಸಲು ಹಾಳಾಗುವುದಕ್ಕೆ ಅರಣ್ಯ ಇಲಾಖೆ ಒಂದಷ್ಟು ಪರಿಹಾರ ಕೊಡುತ್ತದೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಇದನ್ನು ಹೊರಗಿನ ಲೋಕಕ್ಕೆ ತಿಳಿಸಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ 'ಹೆಜ್ಜಾರ್ಲೆ ಬಳಗ' ಊರ ಯುವಕರದೇ. ಹಕ್ಕಿ ನೋಡಲು ದುರ್ಬೀನು ಹೊತ್ತು ಕಾಡು ಅಲೆದು ರೂಢಿಯಿರುವ ಯೂರೋಪಿನವರು ಇಲ್ಲಿ ಜಗಲಿಯ ಮೇಲೆ ಕುಳಿತೇ ಬರಿಗಣ್ಣಿನಲ್ಲಿ ನೋಡಬಹುದು. ಫೆಬ್ರವರಿ, ಮಾರ್ಚಿನಲ್ಲಿ ಹೋಗಬೇಕು. ಆಗಸ್ಟಿನಲ್ಲಿ ಹೋದವರಿಗೆ ಬರಿಯ ಮರ.

ಮಂಡ್ಯದಲ್ಲಿ ನೋಡಬೇಕಾದ್ದು ಯಾವ ಸ್ಮಾರಕವೂ ಅಲ್ಲ, ಆಲೆಮನೆ. ಅಲ್ಲಿಗೆ ಟಿಕೆಟ್ ಇಲ್ಲ, ಬಾಗಿಲೂ ಇಲ್ಲ. ಗಾಣದಲ್ಲಿ ಅರೆದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ, ಒಣಗಿದ ಸಿಪ್ಪೆಯೇ ಒಲೆಗೆ ಸೌದೆ. ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುತ್ತಾರೆ. ಪಾಕ ಬಂತೋ ಇಲ್ಲವೋ ಎಂದು ಒಂದು ತೊಟ್ಟು ನೀರಿಗೆ ಬಿಟ್ಟು ನೋಡುವ ಕೈ ಇದೆಯಲ್ಲ, ಆ ಕೈಗೆ ಇನ್ನೂ ಥರ್ಮಾಮೀಟರು ಬೇಕಾಗಿಲ್ಲ. ಕೇಳಿದರೆ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಡುತ್ತಾರೆ, ದುಡ್ಡು ಕೊಡಹೋದರೆ ಬೈಯುತ್ತಾರೆ. ಸಕ್ಕರೆ ಹಾಕಿ ಬಣ್ಣಕ್ಕೆ ರಾಸಾಯನಿಕ ಸುರಿಯುವ ಆಲೆಮನೆಗಳೂ ಇವೆ, ಅದನ್ನು ಬಂದವರಿಂದ ಮುಚ್ಚಿಡಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಉಳಿಸಿದ್ದಾರೆ. ಜೊತೆಗೆ ಟಿಪ್ಪು ಕಾಲದ್ದೆನ್ನುವ 'ಬಡಾ ಬಾಗ್' ಮಾವಿನ ತೋಪು. ವಿದೇಶದಿಂದ ವಿಜ್ಞಾನಿಗಳು ಹುಡುಕಿಕೊಂಡು ಬರುವ ಈ ಊರು ನಮ್ಮ ಜಿಲ್ಲೆಯ ಎಷ್ಟೋ ಮಂದಿಗೆ ಗೊತ್ತಿಲ್ಲ. ಇತಿಹಾಸದ ರುಚಿ ಇದ್ದವರಿಗೆ ಮದ್ದೂರಿನ ಪಕ್ಕದಲ್ಲೇ ಶಿವಪುರ, 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಜಾಗ. ಮಳವಳ್ಳಿಯಿಂದ ಸ್ವಲ್ಪ ದೂರದಲ್ಲಿ 1258ರ ಸೋಮನಾಥಪುರದ ಕೇಶವ ದೇವಾಲಯ, 2023ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಹೊರದೇಶದವರ ಟಿಕೆಟ್ ದರ ನಮ್ಮದರ ಹತ್ತು ಪಟ್ಟಿಗೂ ಮಿಗಿಲು. ಕರೆದುಕೊಂಡು ಹೋಗುವವರು ಮೊದಲೇ ಹೇಳಿಬಿಟ್ಟರೆ ಕೌಂಟರಿನಲ್ಲಿ ಮುಜುಗರ ಇರುವುದಿಲ್ಲ.

ಜಲಪಾತಕ್ಕೆ ಬರೋಣ. ಗಗನಚುಕ್ಕಿ ಮಳವಳ್ಳಿ ಕಡೆ, ಭರಚುಕ್ಕಿ ನದಿಯಾಚೆ ಕೊಳ್ಳೇಗಾಲದ ಕಡೆ. ಏಪ್ರಿಲ್‌ನಲ್ಲಿ ಹೋದವರು 'ಇಷ್ಟೇನಾ' ಎನ್ನುತ್ತಾರೆ. 1902ರಿಂದ ನೀರಿನ ಒಂದು ಪಾಲು ನಾಲೆಯಲ್ಲಿ ವಿದ್ಯುದಾಗಾರಕ್ಕೆ ತಿರುಗುತ್ತದೆ, ಬೇಸಿಗೆಯಲ್ಲಿ ಬಂಡೆಗೆ ಉಳಿಯುವುದು ಸಣ್ಣ ಧಾರೆ. ಮೇಲಿನ ಅಣೆಕಟ್ಟು ತುಂಬಿ ಹರಿಯುವ ಜುಲೈಯಿಂದ ಅಕ್ಟೋಬರ್ ಸರಿಯಾದ ಕಾಲ. ಜಲಪಾತೋತ್ಸವವೂ ಆ ದಿನಗಳಲ್ಲೇ ನಡೆಯುತ್ತದೆ. ಆದರೆ ಉತ್ಸವದ ದಿನ ಹೊರದೇಶದವರನ್ನು ಕರೆದೊಯ್ಯಬೇಡಿ, ನೀರಿನ ಸದ್ದಿಗಿಂತ ಮೈಕಿನ ಸದ್ದು ಜಾಸ್ತಿ.

ಮುತ್ತತ್ತಿಯ ಬಗ್ಗೆ ಕಟುವಾಗಿಯೇ ಹೇಳಬೇಕು. ಸೀತೆಯ ಮುತ್ತಿನ ಮೂಗುತಿಯನ್ನು ಆಂಜನೇಯ ಹೊಳೆಯಿಂದ ಎತ್ತಿಕೊಟ್ಟ ಜಾಗ ಎಂಬ ನಂಬಿಕೆ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ್ ಎಂದು ಹೆಸರಿಟ್ಟದ್ದೂ ಈ ಮುತ್ತತ್ತಿರಾಯನ ಹೆಸರಿನಿಂದಲೇ. ಕಾಡಿನ ನಡುವೆ ತಣ್ಣಗೆ ಹರಿಯುವಂತೆ ಕಾಣುವ ಕಾವೇರಿ ಇಲ್ಲಿ ವರ್ಷ ವರ್ಷವೂ ಹುಡುಗರನ್ನು ನುಂಗುತ್ತಾಳೆ. ಮರಳು ತೆಗೆದ ಗುಂಡಿ, ಬಂಡೆಗಳ ನಡುವಿನ ಸುಳಿ ಮೇಲಿನಿಂದ ಕಾಣುವುದಿಲ್ಲ. ಈಜು ಬಲ್ಲೆ ಎನ್ನುವವರೂ ಸಾಯುತ್ತಾರೆ. ಈಜುಕೊಳದಲ್ಲಿ ಕಲಿತ ಹೊರದೇಶದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಹಾಗೆಯೇ ಜರ್ಮನಿಯ ಕೆರೆ, ಹೊಳೆಗಳಿಗೆ ಬೇಸಿಗೆಯಲ್ಲಿ ಇಳಿಯುವ ನಮ್ಮ ಹುಡುಗರಿಗೂ ಫೋನಿನಲ್ಲಿ ಹೇಳಿ. ಅಲ್ಲಿ ಮೇಲೆ ಬಿಸಿಲಿದ್ದರೂ ನೀರಿನ ಒಳಗೆ ಮೈ ಮರಗಟ್ಟಿಸುವ ಚಳಿ ಇರುತ್ತದೆ.

ಎರಡು ದಿನಕ್ಕೆ ಹೀಗೆ ಹೊಂದಿಸಬಹುದು. ಶನಿವಾರ ಬೆಳಗಿನ ರೈಲಿಗೆ ಮದ್ದೂರು, ತಿಂಡಿ ಮುಗಿಸಿ ಆಟೊದಲ್ಲಿ ಕೊಕ್ಕರೆ ಬೆಳ್ಳೂರು, ಸಂಜೆಗೆ ಮಂಡ್ಯ ಸುತ್ತಿನ ಯಾವುದಾದರೂ ಆಲೆಮನೆ, ರಾತ್ರಿ ಮಂಡ್ಯದಲ್ಲಿ. ಭಾನುವಾರ ಮಳವಳ್ಳಿ ಬಸ್ಸು, ಕಿರುಗಾವಲಿಗೋ ಗಗನಚುಕ್ಕಿಗೋ ಒಂದಕ್ಕೆ ಮಾತ್ರ ಹೋಗಿ, ಕನಕಪುರದ ದಾರಿಯಲ್ಲಿ ಬೆಂಗಳೂರಿಗೆ. ಎಕ್ಸ್‌ಪ್ರೆಸ್‌ವೇ ಮುಟ್ಟುವ ಗೋಜೇ ಇಲ್ಲ.

ಇದಕ್ಕೆ ಸರ್ಕಾರದ ಕೋಟಿಗಟ್ಟಲೆ ಯೋಜನೆ ಬೇಡ. ಮದ್ದೂರು ರೈಲು ನಿಲ್ದಾಣದ ಗೋಡೆಗೆ ಮಳವಳ್ಳಿ, ಬ್ಲಫ್, ಕೊಕ್ಕರೆ ಬೆಳ್ಳೂರು ಬಸ್ಸುಗಳ ಸಮಯ ಬರೆದ ಒಂದು ಬೋರ್ಡು ಹಾಕಬೇಕು. ಬಸ್ಸಿಗೆ ನಂಬರು ಕೊಡಬೇಕು. ಜಿಲ್ಲಾ ಪ್ರವಾಸೋದ್ಯಮ ಇಲಾಖೆ ಮತ್ತು ಪೊಲೀಸರು ಸೇರಿ ಮದ್ದೂರು, ಮಂಡ್ಯ, ಮಳವಳ್ಳಿ ಮೂರೂ ಊರಿನ ಲಾಡ್ಜು, ಹೋಂಸ್ಟೇ ಮಾಲೀಕರಿಗೆ ಒಂದು ಮಧ್ಯಾಹ್ನ ಸಿ ಫಾರಂ ತುಂಬುವುದನ್ನು ಕಲಿಸಬೇಕು. ಮುತ್ತತ್ತಿಯ ಎಚ್ಚರಿಕೆ ಫಲಕದಲ್ಲಿ ಸತ್ತವರ ಸಂಖ್ಯೆಯನ್ನು ವರ್ಷವಾರು ಬರೆಯಬೇಕು, 'ನೀರಿಗೆ ಇಳಿಯಬೇಡಿ' ಎಂಬ ಬರಿಯ ಮಾತಿಗೆ ಯಾರೂ ಹೆದರುವುದಿಲ್ಲ. ಓದುಗರಿಗೂ ಒಂದು ಕೋರಿಕೆ. ಬೆಂಗಳೂರಿನಲ್ಲಿ ನಿಮ್ಮ ಮಗಳ ಆಫೀಸಿನಲ್ಲಿ, ಮಗನ ಕಾಲೇಜಿನಲ್ಲಿ ಹೊರದೇಶದ ಹುಡುಗ ಹುಡುಗಿಯರಿದ್ದರೆ ಒಂದು ಭಾನುವಾರ ಊರಿಗೆ ಕರೆಸಿಕೊಳ್ಳಿ, ವಾಪಸ್ ರೈಲಿನ ಸಮಯವನ್ನು ಮೊದಲೇ ಚೀಟಿಯಲ್ಲಿ ಬರೆದುಕೊಡಿ.